ಎರಡು ಹತ್ತೊಂಬತ್ತು

ಅಂಕಿ ಸುಳ್ಳು ಹೇಳುವುದಿಲ್ಲ ಎನ್ನುವವರು ಕಣದಲ್ಲಿ ರಾಶಿ ಅಳೆಯುವುದನ್ನು ಕಂಡವರಲ್ಲ. ಗೇಣಿಯ ಕಾಲದಲ್ಲಿ ಕೆಲವು ಒಡೆಯರ ಮನೆಯಲ್ಲಿ ಎರಡೆರಡು ಕೊಳಗ ಇರುತ್ತಿದ್ದವು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ತೆಗೆದುಕೊಳ್ಳಲು ಒಂದು, ಕೊಡಲು ಇನ್ನೊಂದು. ಎಣಿಕೆಯಲ್ಲಿ ಒಂದು ಕಾಳಿನ ಮೋಸವೂ ಇರುತ್ತಿರಲಿಲ್ಲವಂತೆ. ಊರ ನಾಲ್ಕು ಜನರ ಎದುರಿಗೇ ಲಾಭ, ಎರಡು, ಮೂರು ಎಂದು ಕೂಗಿ ಅಳೆಯುತ್ತಿದ್ದರು. ಮೋಸವೆಲ್ಲ ಇದ್ದದ್ದು ಕೊಳಗದ ತಳದಲ್ಲಿ.

ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ವಾರವಾರವೂ ಹೊರಡಿಸುವ ಹಾಡುಗಳ ಪಟ್ಟಿಯ ಬಗ್ಗೆ ಸಂಗೀತ ಬಲ್ಲವರೂ ಬಾರದವರೂ ಒಂದೇ ದನಿಯಲ್ಲಿ ಹೇಳುವ ಮಾತೊಂದಿದೆ. ವಿಮರ್ಶಕರು ಏನೇ ಬರೆದುಕೊಳ್ಳಲಿ, ಜನರ ಮನಸ್ಸಿನಲ್ಲಿ ಇರುವುದನ್ನು ಇದ್ದ ಹಾಗೆ ಹೇಳುವುದು ಪಟ್ಟಿ ಮಾತ್ರ ಎಂಬುದು ಆ ಮಾತು. 2019ರಲ್ಲಿ 'ಓಲ್ಡ್ ಟೌನ್ ರೋಡ್' ಎಂಬ ಹಾಡು ಎಬ್ಬಿಸಿದ ಗದ್ದಲಕ್ಕೆ ಈ ನಂಬಿಕೆ ಬಿರುಕು ಬಿಡಬೇಕಿತ್ತು. ಬಿಡಲಿಲ್ಲ. ಹಾಡನ್ನು, ಅಲ್ಲಿನ ಹಳ್ಳಿಗಾಡಿನ ಬಿಳಿಯರದ್ದೆಂದು ಗುರುತಿಸುವ 'ಕಂಟ್ರಿ' ಸಂಗೀತದ ಪಟ್ಟಿಯಿಂದ ಕಿತ್ತುಹಾಕಿದ್ದು ಸರಿ ಎಂದವರು, ಪಟ್ಟಿಗೂ ಒಂದು ನಿಯಮ ಬೇಡವೇ ಎಂದು ಕೇಳಿದರು. ತಪ್ಪು ಎಂದವರು, ನೋಡಿ, ಕೊನೆಗೆ ಜನರೇ ತೀರ್ಪು ಕೊಟ್ಟರು, 19 ವಾರ ಮೊದಲ ಸ್ಥಾನ ಎಂದು ಮೀಸೆ ತಿರುವಿದರು. ಇಬ್ಬರೂ ಕಚ್ಚಾಡಿದ್ದು ರಾಶಿಗಾಗಿ. ಕೊಳಗದ ಮೇಲೆ ಇಬ್ಬರಿಗೂ ಸಮಾನ ಭಕ್ತಿ. ನನ್ನ ತಕರಾರಿರುವುದು ಆ ಭಕ್ತಿಯ ಮೇಲೆ.

ಮೊದಲು ಹಾಡಿನ ಕತೆ. ಜಾರ್ಜಿಯಾ ರಾಜ್ಯದ ಲಿಥಿಯಾ ಸ್ಪ್ರಿಂಗ್ಸ್‌ನ ಮಾಂಟೆರೊ ಲಮಾರ್ ಹಿಲ್, ಲಿಲ್ ನಾಸ್ ಎಕ್ಸ್ ಎಂದು ಹೆಸರಿಟ್ಟುಕೊಂಡ ಕಪ್ಪು ಹುಡುಗ, ಕಾಲೇಜು ಬಿಟ್ಟು ಅಕ್ಕನ ಮನೆಯಲ್ಲಿ ನೆಲದ ಮೇಲೆ ಮಲಗುತ್ತಿದ್ದ ದಿನಗಳು. ಅಂತರ್ಜಾಲದಲ್ಲಿ ತಾಳ ಮಾರುವ ತಾಣವೊಂದರಲ್ಲಿ, ನೆದರ್ಲೆಂಡ್ಸಿನ ಯಂಗ್‌ಕಿಯೊ ಎಂಬ ಇನ್ನೊಬ್ಬ ಹುಡುಗ ಮಾಡಿಟ್ಟಿದ್ದ ತುಣುಕನ್ನು 30 ಡಾಲರಿಗೆ ಕೊಂಡ. ಆ ತುಣುಕಿನಲ್ಲಿ ಬ್ಯಾಂಜೊದಂತೆ ಕೇಳುವ ಮೀಟು, ನೈನ್ ಇಂಚ್ ನೈಲ್ಸ್ ಎಂಬ ರಾಕ್ ತಂಡ 2008ರಲ್ಲಿ ಹೊರತಂದ ವಾದ್ಯಸಂಗೀತದಿಂದ ಎತ್ತಿಕೊಂಡದ್ದು. ಅಟ್ಲಾಂಟದ ಸಣ್ಣ ಸ್ಟುಡಿಯೊ ಒಂದರಲ್ಲಿ ಮಂಗಳವಾರದ 20 ಡಾಲರ್ ರಿಯಾಯಿತಿ ದರದಲ್ಲಿ ಹಾಡು ಮುಗಿಯಿತು. ಎರಡು ನಿಮಿಷವೂ ತುಂಬದ ಹಾಡು; ಕುದುರೆ, ಟೋಪಿ, ಬೂಟು, ಊರು ಬಿಟ್ಟು ಹೋಗುವ ಒಂಟಿ ಸವಾರ. 2018ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಟಿಕ್‌ಟಾಕ್‌ನಲ್ಲಿ ಮಕ್ಕಳು ಇದೇ ಹಾಡಿಗೆ ಕೌಬಾಯ್ ವೇಷ ಹಾಕಿ ಕುಣಿದರು. 2019ರ ಮಾರ್ಚ್ 16ರ ಬಿಲ್‌ಬೋರ್ಡಿನಲ್ಲಿ ಹಾಡು ಮೂರು ಪಟ್ಟಿಗಳಲ್ಲಿ ಕಾಣಿಸಿಕೊಂಡಿತು. ಎಲ್ಲ ಬಗೆಯ ಹಾಡುಗಳ ಹಾಟ್ 100ರಲ್ಲಿ 83ನೇ ಸ್ಥಾನ, ಕಪ್ಪು ಜನರ ಸಂಗೀತದ್ದೆಂದು ಗುರುತಿಸುವ ಆರ್ ಅಂಡ್ ಬಿ ಮತ್ತು ಹಿಪ್‌ಹಾಪ್ ಪಟ್ಟಿಯಲ್ಲಿ 36ನೇ ಸ್ಥಾನ, ಹಾಟ್ ಕಂಟ್ರಿ ಸಾಂಗ್ಸ್ ಪಟ್ಟಿಯಲ್ಲಿ 19ನೇ ಸ್ಥಾನ.

ಆಮೇಲೆ ಒಂದು ದಿನ ಆ ಮೂರನೆಯ ಪಟ್ಟಿಯಲ್ಲಿ ಹಾಡಿರಲಿಲ್ಲ. ಪ್ರಕಟಣೆ ಇಲ್ಲ, ವಿವರಣೆ ಇಲ್ಲ. ರೋಲಿಂಗ್ ಸ್ಟೋನ್ ಪತ್ರಿಕೆ ಕೆದಕಿ ಬರೆದ ಮೇಲೆಯೇ ಊರಿಗೆಲ್ಲ ಗೊತ್ತಾದದ್ದು. ಹಾಡಿನಲ್ಲಿ ಇವತ್ತಿನ ಕಂಟ್ರಿ ಸಂಗೀತದ ಅಂಶಗಳು ಸಾಕಷ್ಟಿಲ್ಲ ಎಂಬುದು ಬಿಲ್‌ಬೋರ್ಡ್ ಕೊಟ್ಟ ಕಾರಣದ ಸಾರ.

ಈ 'ಸಾಕಷ್ಟು' ಎಂಬುದನ್ನು ಸ್ವಲ್ಪ ಹಿಡಿದು ನಿಲ್ಲಿಸಿ ಮಾತಾಡಿಸೋಣ. ಎಷ್ಟಿದ್ದರೆ ಸಾಕು? ಅದೇ ಪಟ್ಟಿಯಲ್ಲಿ 2013ರಲ್ಲಿ ಫ್ಲಾರಿಡ ಜಾರ್ಜಿಯಾ ಲೈನ್ ಜೋಡಿಯ 'ಕ್ರೂಸ್' 24 ವಾರ ಮೊದಲ ಸ್ಥಾನದಲ್ಲಿ ಕೂತಿತ್ತು. ಅದು ಅಷ್ಟು ಕಾಲ ಕೂರಲು ಒಂದು ಮುಖ್ಯ ಕಾರಣ ನೆಲ್ಲಿ ಎಂಬ ರ‍್ಯಾಪ್ ಗಾಯಕನನ್ನು ಸೇರಿಸಿಕೊಂಡು ಮಾಡಿದ ಮರುರೂಪ. ರ‍್ಯಾಪ್ ಸೇರಿದ ರೂಪದ ಮಾರಾಟವೆಲ್ಲ ಕಂಟ್ರಿ ಖಾತೆಗೇ ಜಮೆಯಾಯಿತು. 2017ರಲ್ಲಿ ಸ್ಯಾಮ್ ಹಂಟ್‌ನ 'ಬಾಡಿ ಲೈಕ್ ಎ ಬ್ಯಾಕ್ ರೋಡ್' 34 ವಾರ. ಅದರಲ್ಲಿ ಅರ್ಧ ಹಾಡು, ಅರ್ಧ ಮಾತು, ಕೆಳಗೆ ಚಿಟಿಕೆಯ ತಾಳ. ಕಣ್ಣು ಮುಚ್ಚಿ ಕೇಳಿದರೆ ಯಾವ ಪಟ್ಟಿಗಾದರೂ ಸೇರಿಸಬಹುದು. ಅದರ ಬೆನ್ನಿಗೇ ನ್ಯೂಯಾರ್ಕಿನ ಪಾಪ್ ಗಾಯಕಿ ಬೀಬಿ ರೆಕ್ಸಾ ತನ್ನ ಪಾಪ್ ಸಂಗ್ರಹಕ್ಕಾಗಿ ಹಾಡಿದ 'ಮೆಂಟ್ ಟು ಬಿ', ಫ್ಲಾರಿಡ ಜಾರ್ಜಿಯಾ ಲೈನ್ ಜೊತೆಗಿದ್ದ ಕಾರಣಕ್ಕೆ ಕಂಟ್ರಿ ಪಟ್ಟಿಯಲ್ಲಿ 50 ವಾರ, ಅಂದರೆ ಹೆಚ್ಚು ಕಡಿಮೆ ಒಂದು ವರ್ಷ, ಮೊದಲ ಸ್ಥಾನದಲ್ಲಿತ್ತು. ಇವುಗಳ ಪಕ್ಕದಲ್ಲಿ ಕುದುರೆ ಹತ್ತಿದವನ ಹಾಡನ್ನಿಟ್ಟು, ಇದರಲ್ಲಿ ಕಂಟ್ರಿ ಸಾಲದು ಎನ್ನಲು ಧೈರ್ಯ ಬೇಕು.

ವಾದ್ಯಗಳ ಮಾತು ತೆಗೆದರೆ ಇನ್ನೂ ಮೋಜು. ಆಫ್ರಿಕದಿಂದ ಹಿಡಿದು ತಂದ ಗುಲಾಮರು ಸೋರೆಬುರುಡೆಯಲ್ಲಿ ಮಾಡಿಕೊಂಡ ವಾದ್ಯವೇ ಬ್ಯಾಂಜೊ ಆಯಿತು. ಕಂಟ್ರಿಯ ಅಳುವ ದನಿ ಎನ್ನುವ ಸ್ಟೀಲ್ ಗಿಟಾರ್ ಬಂದದ್ದು ಹವಾಯಿ ದ್ವೀಪದಿಂದ. ಮ್ಯಾಂಡೊಲಿನ್ ಇಟಲಿಯದು. ಗಂಟಲು ಒಡೆದು ಹಾಡುವ ಯೋಡಲ್ ಆಲ್ಪ್ಸ್ ಬೆಟ್ಟದ ಕುರುಬರದು. ಕಂಟ್ರಿಯ ಪಿತಾಮಹ ಎಂದು ಕರೆಸಿಕೊಳ್ಳುವ ಜಿಮ್ಮಿ ರಾಜರ್ಸ್ 1930ರಲ್ಲಿ ತನ್ನ ಒಂಬತ್ತನೆಯ ಬ್ಲೂ ಯೋಡಲ್ ಹಾಡಿದಾಗ ಪಕ್ಕದಲ್ಲಿ ಟ್ರಂಪೆಟ್ ಊದಿದವನು ಕಪ್ಪು ಜಾಝ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್. ಕಂಟ್ರಿ ಉದ್ಯಮದ ರಾಜಧಾನಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ವೇದಿಕೆಯಲ್ಲಿ ಬಹುಕಾಲ ಡ್ರಮ್ಮಿಗೇ ಪ್ರವೇಶವಿರಲಿಲ್ಲ. ಇವತ್ತು ಡ್ರಮ್ಮಿಲ್ಲದ ಕಂಟ್ರಿ ಹಾಡು ಹುಡುಕಿದರೆ ಸಿಗುವುದು ಕಷ್ಟ. ಎಂಟೂ ದಿಕ್ಕಿನಿಂದ ಸಾಲ ತಂದು ಕಟ್ಟಿದ ಮನೆಯ ಜಗಲಿಯಲ್ಲಿ ಕೂತು, 30 ಡಾಲರಿನ ತುಣುಕು ತಂದವನ ಗೋತ್ರ ಕೇಳುತ್ತಾರೆ.

ಗೋತ್ರ ಎಂದದ್ದು ಬಾಯಿತಪ್ಪಿ ಅಲ್ಲ. ಈ ವಿಂಗಡಣೆಯ ಹುಟ್ಟು ಸಂಗೀತದಲ್ಲಿ ಇಲ್ಲ, ವ್ಯಾಪಾರದಲ್ಲಿದೆ. 1920ರ ದಶಕದಲ್ಲಿ ಓಕೆ ಕಂಪನಿಯ ರಾಲ್ಫ್ ಪೀರ್ ಮೊದಲಾದವರು ದಕ್ಷಿಣದ ರಾಜ್ಯಗಳಿಗೆ ಧ್ವನಿಮುದ್ರಣ ಯಂತ್ರ ಹೊತ್ತು ಹೋದಾಗ ಅಲ್ಲಿ ಬಿಳಿಯರೂ ಕಪ್ಪು ಜನರೂ ಎಷ್ಟೋ ಹಾಡುಗಳನ್ನು ಸಮನಾಗಿ ಹಾಡುತ್ತಿದ್ದರು. ಪಿಟೀಲೂ ಇಬ್ಬರ ಕೈಯಲ್ಲಿತ್ತು, ಬ್ಯಾಂಜೊವೂ ಇಬ್ಬರ ಕೈಯಲ್ಲಿತ್ತು. ಕಂಪನಿಗಳು ಮಾರಾಟದ ಅನುಕೂಲಕ್ಕೆ ಎರಡು ಕ್ಯಾಟಲಾಗ್ ಮಾಡಿದವು: ಕಪ್ಪು ಜನರಿಗೆ 'ರೇಸ್' ತಟ್ಟೆಗಳು, ಬಿಳಿಯ ಹಳ್ಳಿಗರಿಗೆ 'ಹಿಲ್‌ಬಿಲಿ' ತಟ್ಟೆಗಳು. ಯಾವ ತಟ್ಟೆ ಯಾವ ಪುಸ್ತಕಕ್ಕೆ ಎಂಬುದನ್ನು ತೀರ್ಮಾನಿಸಿದ್ದು ಮುಖ್ಯವಾಗಿ ಹಾಡಿದವನ ಚರ್ಮ. ಬಿಲ್‌ಬೋರ್ಡ್ ಪಟ್ಟಿಗಳು ಈ ಎರಡು ಪುಸ್ತಕಗಳ ಮರಿಮಕ್ಕಳು.

ಮಜಾ ಎಂದರೆ, ಕಂಟ್ರಿ ಪಟ್ಟಿ ಮೊದಲು ಹುಟ್ಟಿದಾಗ ಅದರ ಬೇಲಿ ಇನ್ನೂ ಸಡಿಲವಾಗಿತ್ತು. 1944ರ ಜನವರಿಯಲ್ಲಿ ಜ್ಯೂಕ್‌ಬಾಕ್ಸ್‌ಗಳಲ್ಲಿ ಹೆಚ್ಚು ಕೇಳಿಸಿಕೊಂಡ 'ಫೋಕ್' ಹಾಡುಗಳು ಎಂಬ ಹೆಸರಿನಲ್ಲಿ ಬಿಲ್‌ಬೋರ್ಡ್ ಅದನ್ನು ಶುರುಮಾಡಿತು. ಅಂದರೆ ಹೋಟೆಲಿನಲ್ಲಿ ಜನ ಕಾಸು ಹಾಕಿ ಗುಂಡಿ ಒತ್ತಿದ ಹಾಡುಗಳು. ಆ ಮೊದಲ ವರ್ಷವೇ ಪಟ್ಟಿಯ ತುದಿಗೇರಿದವರಲ್ಲಿ ಲೂಯಿ ಜಾರ್ಡನ್ ಇದ್ದ, ನ್ಯಾಟ್ ಕಿಂಗ್ ಕೋಲ್‌ನ ತಂಡ ಇತ್ತು. ಇಬ್ಬರೂ ಕಪ್ಪು ಜನ. ಇಬ್ಬರನ್ನೂ ಇವತ್ತು ಯಾರೂ ಕಂಟ್ರಿ ಎನ್ನುವುದಿಲ್ಲ. 1949ರಲ್ಲಿ ಪಟ್ಟಿಗೆ 'ಕಂಟ್ರಿ ಅಂಡ್ ವೆಸ್ಟರ್ನ್' ಎಂಬ ಬೋರ್ಡು ಬಿತ್ತು, ಪಕ್ಕದ ಪಟ್ಟಿಗೆ 'ರಿದಮ್ ಅಂಡ್ ಬ್ಲೂಸ್' ಎಂಬ ಬೋರ್ಡು. ಜಾರ್ಡನ್ ಮತ್ತು ಕೋಲ್ ನಂತರ ಇನ್ನೊಬ್ಬ ಕಪ್ಪು ಗಾಯಕ ಕಂಟ್ರಿ ಪಟ್ಟಿಯ ಮೊದಲ ಸ್ಥಾನ ಮುಟ್ಟಲು 1969ರವರೆಗೆ, ಚಾರ್ಲಿ ಪ್ರೈಡ್ ಬರುವವರೆಗೆ, ಕಾಯಬೇಕಾಯಿತು. ಅವನ ಮೊದಲ ತಟ್ಟೆಗಳನ್ನು ಆರ್‌ಸಿಎ ಕಂಪನಿ ರೇಡಿಯೊ ಕೇಂದ್ರಗಳಿಗೆ ಕಳಿಸಿದ್ದು ಫೋಟೊ ಇಲ್ಲದೆ. ಕಿವಿಗೆ ಹಿಡಿಸಿದ ಮೇಲೆ ಮುಖ ತೋರಿಸಿದರಾಯಿತು ಎಂಬ ಲೆಕ್ಕ. ಜನರ ಕಿವಿಯ ಮೇಲೆ ಕಂಪನಿಗೆ ನಂಬಿಕೆ ಇತ್ತು. ನಡುವೆ ಕೂತವರ ಮೇಲೆ ಇರಲಿಲ್ಲ ಎಂದೇ ನಾನು ಇದನ್ನು ಓದುತ್ತೇನೆ.

ಈ ಎರಡು ಘಟನೆಗಳ ನಡುವೆ 1962ರಲ್ಲಿ ನಡೆದದ್ದಂತೂ ಪಟ್ಟಿ ಭಕ್ತರು ಗೋಡೆಗೆ ಬರೆದಿಟ್ಟುಕೊಳ್ಳಬೇಕಾದ್ದು. ಡಾನ್ ಗಿಬ್ಸನ್ ಎಂಬ ನ್ಯಾಶ್‌ವಿಲ್‌ನ ಬಿಳಿಯ ಗಾಯಕ ಬರೆದು 1958ರಲ್ಲಿ ತಾನೇ ಹಾಡಿ ಕಂಟ್ರಿ ಪಟ್ಟಿಯ ಮೊದಲ ಹತ್ತರಲ್ಲಿ ಕಾಣಿಸಿದ 'ಐ ಕಾಂಟ್ ಸ್ಟಾಪ್ ಲವಿಂಗ್ ಯು' ಹಾಡನ್ನು ಕಪ್ಪು ಗಾಯಕ ರೇ ಚಾರ್ಲ್ಸ್ ಎತ್ತಿಕೊಂಡ. ಹಾಡು ಬಂದ ಆಲ್ಬಮ್ಮಿನ ಹೆಸರಿನಲ್ಲೇ 'ಕಂಟ್ರಿ ಅಂಡ್ ವೆಸ್ಟರ್ನ್ ಸಂಗೀತ' ಎಂದು ಬರೆದುಕೊಂಡ. ಹಾಟ್ 100ರಲ್ಲಿ ಐದು ವಾರ ಮೊದಲ ಸ್ಥಾನ. ಆರ್ ಅಂಡ್ ಬಿ ಪಟ್ಟಿಯಲ್ಲೂ ಮೊದಲ ಸ್ಥಾನ. ಕಂಟ್ರಿ ಪಟ್ಟಿಯಲ್ಲಿ? ಕೊನೆಯ ಸಾಲಿನಲ್ಲೂ ಹೆಸರಿಲ್ಲ. ದೇಶವೆಲ್ಲ ಕೇಳುತ್ತಿದ್ದ ಕಂಟ್ರಿ ಹಾಡು ಕಂಟ್ರಿ ಪಟ್ಟಿಯವರ ಕಿವಿಗೆ ಬೀಳಲೇ ಇಲ್ಲ. ಅದನ್ನು ಜನರ ತೀರ್ಪು ಎನ್ನುವುದಾದರೆ, ಹಾಟ್ 100ರ ಜನ ಯಾವ ದೇಶದವರು?

ಇಷ್ಟು ಹೇಳಿದರೆ ಸಾಕು, ಇದೆಲ್ಲ ಹಳೆಯ ಪಾಪ, ಈಗ ಎಣಿಸುವುದು ಕಂಪ್ಯೂಟರ್ ಎಂದು ಉತ್ತರ ಬರುತ್ತದೆ. ಕಂಪ್ಯೂಟರಿನ ಕತೆಯನ್ನೂ ನೋಡೋಣ. 1991ರ ಮೇ ತಿಂಗಳವರೆಗೆ ಬಿಲ್‌ಬೋರ್ಡಿನ ಆಲ್ಬಂ ಪಟ್ಟಿ ನಿಂತಿದ್ದದ್ದು ಅಂಗಡಿಯವರು ಹೇಳುವ ಮಾತಿನ ಮೇಲೆ. ಯಾವುದು ಚೆನ್ನಾಗಿ ಹೋಗುತ್ತಿದೆ ಎಂದು ಕೇಳಿದರೆ ಅಂಗಡಿ ಹುಡುಗ ತನಗೆ ಇಷ್ಟವಾದದ್ದನ್ನೋ ಕಂಪನಿಯವನು ನೆನಪಿಸಿದ್ದನ್ನೋ ಹೇಳುತ್ತಿದ್ದ. ಆಮೇಲೆ ಸೌಂಡ್‌ಸ್ಕ್ಯಾನ್ ಬಂತು. ಗಲ್ಲಾದಲ್ಲಿ ಬಾರ್‌ಕೋಡ್ ಓದಿ ನಿಜವಾಗಿ ಮಾರಿದ್ದನ್ನು ಎಣಿಸತೊಡಗಿತು. ಹೊಸ ಲೆಕ್ಕದಲ್ಲಿ ಕಂಟ್ರಿ ಮೇಲಕ್ಕೆದ್ದಿತು. ಅದೇ ಸೆಪ್ಟೆಂಬರಿನಲ್ಲಿ ಗಾರ್ತ್ ಬ್ರೂಕ್ಸ್‌ನ 'ರೋಪಿನ್ ದ ವಿಂಡ್' ಮೊದಲ ವಾರವೇ ದೇಶದ ಮೊದಲ ಸ್ಥಾನಕ್ಕೆ ಬಂತು. ಯಾವ ಕಂಟ್ರಿ ಆಲ್ಬಂಗೂ ಅದಕ್ಕೆ ಮುಂಚೆ ಅದು ಆಗಿರಲಿಲ್ಲ. ಒಂದು ಬೇಸಿಗೆಯಲ್ಲಿ ಅಮೆರಿಕನ್ನರ ರುಚಿ ಬದಲಾಯಿತೇ? ಕಂಟ್ರಿ ಕೇಳುವವರು ಮೊದಲೂ ಅಲ್ಲಿದ್ದರು, ದುಡ್ಡು ಕೊಟ್ಟು ಕೊಳ್ಳುತ್ತಲೂ ಇದ್ದರು. ನಗರದ ಅಂಗಡಿಯವನು ಅವರನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಅಂದರೆ ತಳ ಎತ್ತರಿಸಿದ ಕೊಳಗದ ಪೆಟ್ಟು ಏನೆಂದು ನ್ಯಾಶ್‌ವಿಲ್‌ನವರಿಗೆ ಅನುಭವದಿಂದಲೇ ಗೊತ್ತಿತ್ತು. ಸೊಸೆಯಾಗಿ ಪಟ್ಟ ಪಾಡನ್ನು ಅತ್ತೆಯಾದ ಮೇಲೆ ಮರೆತರು.

2012ರ ಅಕ್ಟೋಬರಿನಲ್ಲಿ ಕಂಟ್ರಿ ಹಾಡುಗಳ ಪಟ್ಟಿಯ ಕೊಳಗವನ್ನೇ ಬದಲಾಯಿಸಿದರು. ಅದುವರೆಗೆ ಕಂಟ್ರಿ ರೇಡಿಯೊ ಕೇಂದ್ರಗಳಲ್ಲಿ ಹಾಕಿದ ಹಾಡುಗಳಷ್ಟೇ ಎಣಿಕೆಗೆ ಬರುತ್ತಿದ್ದವು. ಇನ್ನು ಮುಂದೆ ಡಿಜಿಟಲ್ ಮಾರಾಟ, ಸ್ಟ್ರೀಮಿಂಗ್ ಹಾಗೂ ಎಲ್ಲ ಬಗೆಯ ರೇಡಿಯೊಗಳ ಪ್ರಸಾರವೂ ಸೇರಲಿ ಎಂದರು. ಹಳೆಯ ಕೊಳಗಕ್ಕೆ 'ಕಂಟ್ರಿ ಏರ್‌ಪ್ಲೇ' ಎಂದು ಹೊಸ ಹೆಸರಿಟ್ಟು ಪಕ್ಕಕ್ಕಿಟ್ಟರು. ಟೇಲರ್ ಸ್ವಿಫ್ಟ್ ಹಾಡಿದ ಅಪ್ಪಟ ಪಾಪ್ ಗೀತೆಯೊಂದು ಹಿಂದಿನ ವಾರ 21ರಲ್ಲಿತ್ತು, ಹೊಸ ಅಳತೆ ಬಂದ ವಾರ 1ಕ್ಕೆ ಜಿಗಿಯಿತು. ಹಾಡು ಅದೇ, ಕೇಳುವವರೂ ಅವರೇ. ಆಗ ಯಾರೂ ಈ ಹಾಡಿನಲ್ಲಿ ಕಂಟ್ರಿಯ ಅಂಶ ಸಾಕಷ್ಟಿಲ್ಲ ಎಂದು ಪಟ್ಟಿಯಿಂದ ಅದನ್ನು ಅಳಿಸಲಿಲ್ಲ.

ಹೊಸ ಕೊಳಗದ ಪ್ರಕಾರ ಕಂಟ್ರಿ ಪಟ್ಟಿಗೂ ಹಾಟ್ 100ಕ್ಕೂ ಅಳತೆ ಒಂದೇ. ಹಾಟ್ 100ರಲ್ಲಿ ಯಾವ ಕಂಟ್ರಿ ಹಾಡು ಎಲ್ಲಕ್ಕಿಂತ ಮೇಲಿದೆಯೋ ಅದೇ ಕಂಟ್ರಿ ಪಟ್ಟಿಯ ಮೊದಲನೆಯದು. ಹಾಗಾಗಿ 2019ರ ಏಪ್ರಿಲಿನಲ್ಲಿ 'ಓಲ್ಡ್ ಟೌನ್ ರೋಡ್' ದೇಶದ ಮೊದಲ ಸ್ಥಾನಕ್ಕೆ ಏರಿದಾಗ, ಅದು ಕಂಟ್ರಿ ಎಂದು ಒಪ್ಪಿದ್ದರೆ ಸಾಕು, ಕಂಟ್ರಿ ಪಟ್ಟಿಯ ತುದಿಯಲ್ಲೂ ಅದೇ ಇರುತ್ತಿತ್ತು. ಎಣಿಸುವ ಕೆಲಸ ಪೂರ್ತಿ ಯಂತ್ರದ್ದು. ಎಣಿಸುವ ಮೊದಲು ಯಾರು ಒಳಗೆ, ಯಾರು ಹೊರಗೆ ಎನ್ನುವ ಕೆಲಸ ಮಾತ್ರ ಕೆಲವು ಮನುಷ್ಯರದ್ದು. ಪಟ್ಟಿಯ ತೂಕವೆಲ್ಲ ಇರುವುದು ಆ ಒಂದು ತೀರ್ಮಾನದಲ್ಲಿ, ಮತ್ತು ಅದಕ್ಕೆ ಅಂಕಿಯೇ ಇಲ್ಲ.

ಈಗ ರೇಡಿಯೊ. ಜನರ ಮನಸ್ಸು ತಿಳಿಯಬೇಕಾದರೆ ರೇಡಿಯೊ ಕೇಳಿ ಎನ್ನುವವರಿದ್ದಾರೆ. ರೇಡಿಯೊ ಪ್ರಸಾರವನ್ನು ಎಣಿಸುವ ಪಟ್ಟಿ ಹೇಳುವುದು, ಹಾಡು ಆಯ್ಕೆಮಾಡುವ ಕೆಲವೇ ಅಧಿಕಾರಿಗಳು ಏನು ಹಾಕಿದರು ಎಂಬುದನ್ನು. 1996ರ ದೂರಸಂಪರ್ಕ ಕಾಯಿದೆ ಒಂದು ಕಂಪನಿ ದೇಶದಲ್ಲಿ ಎಷ್ಟು ಕೇಂದ್ರಗಳನ್ನು ಬೇಕಾದರೂ ಕೊಳ್ಳಬಹುದು ಎಂದಮೇಲೆ, ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿ ಸಾವಿರಕ್ಕೂ ಹೆಚ್ಚು ಕೇಂದ್ರಗಳ ಒಡೆಯನಾಯಿತು. ಆಮೇಲೆ ಅಧಿಕಾರಿಗಳ ಸಂಖ್ಯೆ ಇನ್ನೂ ಇಳಿಯಿತು. 2003ರ ಮಾರ್ಚಿನಲ್ಲಿ ಡಿಕ್ಸಿ ಚಿಕ್ಸ್ ತಂಡದ 'ಟ್ರಾವಲಿನ್ ಸೋಲ್ಜರ್' ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಏರುವ ಹೊತ್ತಿಗೆ, ಇರಾಕ್ ಯುದ್ಧದ ಹೊಸಿಲಲ್ಲಿ, ಲಂಡನ್ನಿನ ಕಾರ್ಯಕ್ರಮದಲ್ಲಿ ಹಾಡುಗಾತಿ ನ್ಯಾಟಲಿ ಮೇನ್ಸ್ ತಮ್ಮ ರಾಜ್ಯದವರೇ ಆದ ಅಧ್ಯಕ್ಷರ ಬಗ್ಗೆ ನಾಚಿಕೆಯಾಗುತ್ತಿದೆ ಎಂದುಬಿಟ್ಟಳು. ಸಿಟ್ಟಾದ ಕೇಳುಗರು ಫೋನ್ ಮಾಡಿದ್ದು ನಿಜ. ಕ್ಯುಮುಲಸ್ ಎಂಬ ಕಂಪನಿ ತನ್ನ ಕಂಟ್ರಿ ಕೇಂದ್ರಗಳಲ್ಲೆಲ್ಲ ಅವರ ಹಾಡು ನಿಲ್ಲಿಸಿದ್ದೂ ನಿಜ. ಮೊದಲ ಸ್ಥಾನದ ಹಾಡು ಜಾರಿ ಬೇಗನೇ ಪಟ್ಟಿಯಿಂದಲೇ ಕಾಣೆಯಾಯಿತು. ಯುದ್ಧಕ್ಕೆ ಹೋದ ಸೈನಿಕನನ್ನು ನೆನೆದು ಹುಡುಗಿಯೊಬ್ಬಳು ಅಳುವ ಆ ಹಾಡಿನಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ.

ಹೆಂಗಸರ ವಿಷಯಕ್ಕೆ ಬಂದರೆ 2015ರ ಟೊಮೇಟೊ ಪ್ರಕರಣ ಇದೆ. ಕೀತ್ ಹಿಲ್ ಎಂಬ ರೇಡಿಯೊ ಸಲಹೆಗಾರ ವೃತ್ತಿ ಪತ್ರಿಕೆಯೊಂದರಲ್ಲಿ, ಕಂಟ್ರಿ ಕೇಂದ್ರಗಳು ಹೆಂಗಸರ ಹಾಡು ಕಡಿಮೆ ಮಾಡಿದರೆ ಕೇಳುಗರು ಹೆಚ್ಚುತ್ತಾರೆ ಎಂದು ಬೋಧಿಸಿದ. ಗಂಡಸರು ಸಲಾಡಿನ ಸೊಪ್ಪು, ಹೆಂಗಸರು ಮೇಲೆ ಉದುರಿಸುವ ಟೊಮೇಟೊ ಎಂಬುದು ಅವನ ಉಪಮೆ. ಬೈಗುಳ ತಿಂದ. ಅವನು ಮಾಡಿದ ತಪ್ಪೆಂದರೆ ಎಲ್ಲರೂ ಪಾಲಿಸುತ್ತಿದ್ದುದನ್ನು ಬಾಯಿಬಿಟ್ಟು ಹೇಳಿದ್ದು. ಹೆಂಗಸರ ಹಾಡು ಹಾಕುವುದಿಲ್ಲ, ಹಾಕದ್ದರಿಂದ ಪಟ್ಟಿಯಲ್ಲಿ ಬರುವುದಿಲ್ಲ, ಪಟ್ಟಿಯಲ್ಲಿ ಇಲ್ಲವಾದ್ದರಿಂದ ಜನರಿಗೆ ಬೇಡ, ಜನರಿಗೆ ಬೇಡವಾದ್ದರಿಂದ ಹಾಕುವುದಿಲ್ಲ. ಗಾಣದ ಎತ್ತು ಕೂಡ ಇದಕ್ಕಿಂತ ದೂರ ನಡೆಯುತ್ತದೆ.

ಸ್ಟ್ರೀಮಿಂಗ್ ಬಂದು ಈ ಅಧಿಕಾರಿಗಳ ಜುಟ್ಟು ಕತ್ತರಿಸಿತು, ಈಗ ಪ್ರತಿ ಕಿವಿಗೂ ಒಂದು ಓಟು ಎಂಬ ಸಮಾಧಾನವೂ ಪೊಳ್ಳು. 2018ರ ಜುಲೈನಲ್ಲಿ ಬಿಲ್‌ಬೋರ್ಡ್ ಹಾಟ್ 100ಕ್ಕೆ ಮಾಡಿದ ನಿಯಮದ ಪ್ರಕಾರ, ತಿಂಗಳ ಚಂದಾ ಕಟ್ಟಿ ಕೇಳಿದ ಹಾಡಿಗೆ ಒಂದು ಪೂರ್ತಿ ಅಂಕ ಸಿಗುತ್ತಿತ್ತು. ದುಡ್ಡು ಕೊಡಲಾರದೆ ಜಾಹೀರಾತು ಸಹಿಸಿಕೊಂಡು ಕೇಳಿದ್ದಕ್ಕೆ ಮೂರರಲ್ಲಿ ಎರಡು ಪಾಲು. ತಾನಾಗಿ ಹಾಡು ಬದಲಾಯಿಸುವ ರೇಡಿಯೊ ಮಾದರಿಯ ಸೇವೆಗೆ ಅರ್ಧ. ವ್ಯಾಪಾರದ ದೃಷ್ಟಿಯಿಂದ ಇದಕ್ಕೆ ಕಾರಣ ಇರಬಹುದು. ಯಾರ ಹಣ ಎಷ್ಟು ಎಂದು ತಿಳಿಯುವುದು ಕಂಪನಿಗಳಿಗೆ ಬೇಕು. ಆದರೆ ಬಡವನ ಕಿವಿಗೆ ಮೂರರಲ್ಲೊಂದು ಪಾಲು ಮುರಿದುಕೊಳ್ಳುವ ಲೆಕ್ಕವನ್ನು ಜನಮನ ಎಂದು ಕರೆಯಬೇಡಿ.

ಅದೇ ಹಾಟ್ 100 ಎಷ್ಟು ಸುಲಭವಾಗಿ ಬೇರೆ ಕೆಲಸಕ್ಕೆ ಬಗ್ಗುತ್ತದೆ ಎನ್ನುವುದನ್ನು 2023ರ ಬೇಸಿಗೆ ತೋರಿಸಿತು. ಕಂಟ್ರಿ ಗಾಯಕ ಜೇಸನ್ ಆಲ್ಡೀನ್‌ನ 'ಟ್ರೈ ದಟ್ ಇನ್ ಎ ಸ್ಮಾಲ್ ಟೌನ್' ಮೇ ತಿಂಗಳಲ್ಲೇ ಬಂದಿತ್ತು. ಅಂಥ ಸದ್ದೇನೂ ಮಾಡಿರಲಿಲ್ಲ. 1927ರಲ್ಲಿ ಕಪ್ಪು ಯುವಕನೊಬ್ಬನನ್ನು ಗುಂಪು ನೇಣುಹಾಕಿದ ನ್ಯಾಯಾಲಯದ ಕಟ್ಟಡದ ಎದುರೇ ಅದರ ವಿಡಿಯೊ ಚಿತ್ರಿಸಿದ್ದಾರೆಂಬ ಟೀಕೆ ಎದ್ದು, ಜುಲೈನಲ್ಲಿ ಸಿಎಂಟಿ ವಾಹಿನಿ ಅದನ್ನು ನಿಲ್ಲಿಸಿತು. ಕೂಡಲೇ ಹಾಡನ್ನು ಕೊಳ್ಳುವುದೇ ಒಂದು ರಾಜಕೀಯ ಕೆಲಸವಾಯಿತು. ಆಗಸ್ಟಿನ ಮೊದಲ ವಾರ ಮೊದಲ ಸ್ಥಾನ, ಅದರ ಮರುವಾರ 21. ಒಂದೇ ವಾರದಲ್ಲಿ ಇಪ್ಪತ್ತು ಮೆಟ್ಟಿಲು ಉರುಳುವ ಪ್ರೀತಿಯನ್ನು ಪ್ರೀತಿ ಎನ್ನುತ್ತಾರೆಯೇ? ಅದೇ ತಿಂಗಳ ಕೊನೆಗೆ, ಅದುವರೆಗೆ ಯಾವ ಬಿಲ್‌ಬೋರ್ಡ್ ಪಟ್ಟಿಯಲ್ಲೂ ಹೆಸರಿರದ ವರ್ಜೀನಿಯದ ಆಲಿವರ್ ಆಂಥನಿ 'ರಿಚ್ ಮೆನ್ ನಾರ್ತ್ ಆಫ್ ರಿಚ್ಮಂಡ್' ಹಾಡಿನೊಂದಿಗೆ ನೇರ ಮೊದಲ ಸ್ಥಾನಕ್ಕೆ ಬಂದ. ಜನ ಸುಮಾರು 1,47,000 ಸಲ ಹಾಡನ್ನು ದುಡ್ಡು ಕೊಟ್ಟು ಇಳಿಸಿಕೊಂಡಿದ್ದರು. ಹೆಚ್ಚಿನವರು ಸ್ಟ್ರೀಮಿಂಗಿನಲ್ಲೇ ಕೇಳುವ ಈ ಕಾಲದಲ್ಲಿ ಒಂದು ಖರೀದಿಗೆ ಪಟ್ಟಿಯಲ್ಲಿ ದೊಡ್ಡ ತೂಕ. ಜನರ ಅಂತರಾಳದ ಕೂಗು ಎಂದು ರಿಪಬ್ಲಿಕನ್ ಪಕ್ಷದ ಹಲವರು ಹೊಗಳಿದರು, ಆ ಪಕ್ಷದ ಅಭ್ಯರ್ಥಿಗಳ ಚರ್ಚೆಯಲ್ಲೂ ಹಾಡು ಕೇಳಿಸಿತು. ನಾನು ಬರೆದದ್ದು ಆ ವೇದಿಕೆಯ ಮೇಲೆ ನಿಂತವರ ಬಗ್ಗೆಯೇ ಎಂದು ಆಂಥನಿ ನಕ್ಕ. ಪಟ್ಟಿಯಿಂದ ಜನರ ಮನಸ್ಸು ಓದುತ್ತೇವೆ ಎಂದು ಹೊರಟವರಿಗೆ ಹಾಡಿನ ಸಾಹಿತ್ಯವನ್ನೇ ಓದಲಾಗಲಿಲ್ಲ.

ಇನ್ನು 'ಓಲ್ಡ್ ಟೌನ್ ರೋಡ್' ಗೆದ್ದಿತು ಎನ್ನುವವರ ಕಡೆ ತಿರುಗುತ್ತೇನೆ. ಇವರು ನನ್ನ ಕಡೆಯವರೇ, ಅದಕ್ಕೇ ಇವರ ಮೇಲೆ ಸಿಟ್ಟು ಹೆಚ್ಚು. ಪಟ್ಟಿಯಿಂದ ತೆಗೆದ ಮೇಲೆ ಏಪ್ರಿಲ್ 5ರಂದು ಬಿಲ್ಲಿ ರೇ ಸೈರಸ್ ಎಂಬ ಹಳೆಯ ಕಂಟ್ರಿ ಗಾಯಕನನ್ನು ಸೇರಿಸಿಕೊಂಡ ಮರುರೂಪ ಹೊರಬಂತು. ಒಂದೇ ವಾರದಲ್ಲಿ ಅಮೆರಿಕದಲ್ಲೇ ಸುಮಾರು 14 ಕೋಟಿ 30 ಲಕ್ಷ ಸಲ ಹಾಡು ಹರಿಯಿತು. ಗಾಯಕ ಡ್ರೇಕ್‌ನ ಹೆಸರಿನಲ್ಲಿದ್ದ ಹಿಂದಿನ ದಾಖಲೆ 12 ಕೋಟಿಯನ್ನೂ ಮುಟ್ಟಿರಲಿಲ್ಲ. ಏಪ್ರಿಲ್ 13ರಿಂದ ಆಗಸ್ಟಿನವರೆಗೆ 19 ವಾರ ಹಾಟ್ 100ರ ತುದಿಯಲ್ಲಿತ್ತು. ಮರಾಯ ಕ್ಯಾರಿಯ ಹಾಡೊಂದು 1996ರಲ್ಲಿ ಮುಟ್ಟಿ, 'ಡೆಸ್ಪಸೀಟೊ' 2017ರಲ್ಲಿ ಸರಿಗಟ್ಟಿದ 16 ವಾರಗಳ ದಾಖಲೆ ಮುರಿಯಿತು. (ಹಾಡು ಬಂದಾಗ ಹುಡುಗನ ವಯಸ್ಸೂ 19. ಸಂಖ್ಯಾಶಾಸ್ತ್ರದವರಿಗೆ ಬಿಟ್ಟಿದ್ದೇನೆ.)

ಸಂತೋಷ. ಆದರೆ ಆ 19 ವಾರಗಳೂ ಕಾಡಿನಲ್ಲಿ ತಾನಾಗಿ ಅರಳಿದ ಹೂವಲ್ಲ. ಏರಿಕೆ ಸಡಿಲವಾಗುವ ಲಕ್ಷಣ ಕಂಡಾಗಲೆಲ್ಲ ಹೊಸ ಮರುರೂಪ ಬಂತು: ಒಮ್ಮೆ ಡಿಪ್ಲೊ, ಒಮ್ಮೆ ಯಂಗ್ ಥಗ್ ಜೊತೆಗೆ ಪುಟ್ಟ ಹುಡುಗ ಮೇಸನ್ ರ‍್ಯಾಮ್ಸಿ, ಕೊನೆಗೆ ಕೊರಿಯದ ಬಿಟಿಎಸ್ ತಂಡದ ಆರ್‌ಎಂ. ಎಲ್ಲ ಒಂದೇ ಖಾತೆಗೆ ಜಮೆ. ಹಿಂದೆ ಕೊಲಂಬಿಯಾದಂಥ ದೊಡ್ಡ ಕಂಪನಿ. ಹುಡುಗ ಆಟದ ನಿಯಮ ಅರಿತು ಚೆನ್ನಾಗಿ ಆಡಿದ, ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. 'ಕ್ರೂಸ್'ನವರು ಮಾಡಿದ್ದೂ ಅದನ್ನೇ. ಕಂಟ್ರಿ ಗಾಯಕಿ ಶನಾಯ ಟ್ವೇನ್ 1990ರ ದಶಕದಲ್ಲಿ ಒಂದೇ ಆಲ್ಬಮ್ಮನ್ನು ಕಂಟ್ರಿ ಕೇಳುಗರಿಗೊಂದು, ಹೊರದೇಶಗಳಿಗೊಂದು ರೂಪದಲ್ಲಿ ಮಾರಿದಾಗ ಅದನ್ನು ಜಾಣ್ಮೆ ಎಂದರು. ಲಿಲ್ ನಾಸ್ ಎಕ್ಸ್ ತನ್ನ ಹಾಡಿಗೆ ತಾನೇ ಕಂಟ್ರಿ ಎಂದು ಚೀಟಿ ಅಂಟಿಸಿದಾಗ ಅದನ್ನು ವಂಚನೆ ಎಂದರು. ಈ ಎರಡು ನಾಲಿಗೆಯ ಬಗ್ಗೆ ಜಗಳವಾಡೋಣ. ಅದು ಬಿಟ್ಟು, 19 ವಾರವನ್ನು ಜನತಾ ನ್ಯಾಯಾಲಯದ ತೀರ್ಪೆಂದು ತೋರಿಸಿದರೆ, ನಾಳೆ ಆಲ್ಡೀನ್‌ನ ಒಂದು ವಾರವನ್ನೂ ತೀರ್ಪೆಂದು ಒಪ್ಪಬೇಕಾಗುತ್ತದೆ.

ಗೆದ್ದದ್ದಾದರೂ ಏನು? ದೇಶವೆಲ್ಲ ಹಾಡುತ್ತಿದ್ದ ಆ ತಿಂಗಳುಗಳಲ್ಲಿ ಕಂಟ್ರಿ ರೇಡಿಯೊ ಪಟ್ಟಿಯಲ್ಲಿ ಹಾಡು ಏರಿದ ಅತಿ ಎತ್ತರ 50ನೇ ಸ್ಥಾನ. ನವೆಂಬರಿನಲ್ಲಿ ಕಂಟ್ರಿ ಸಂಗೀತ ಸಂಘ ಒಂದು ಪ್ರಶಸ್ತಿ ಕೊಟ್ಟಿತು, ಅದೂ ಇಬ್ಬರು ಸೇರಿ ಹಾಡಿದ್ದಕ್ಕೆ ಕೊಡುವಂಥದ್ದು. ಬಾಗಿಲು ತೆರೆಯಲು ಸೈರಸ್ ಎಂಬ ಜಾಮೀನುದಾರ ಬೇಕಾಯಿತು. ಗ್ರ್ಯಾಮಿಯವರು ಗಾಯನಕ್ಕೆ ಬಹುಮಾನ ಕೊಟ್ಟದ್ದು ಪಾಪ್ ವಿಭಾಗದಲ್ಲಿ.

ಆಮೇಲೆ ಬದಲಾಗಲಿಲ್ಲವೇ ಎಂದರೆ, ಅಲ್ಪಸ್ವಲ್ಪ ಬದಲಾಯಿತು, ಮುಚ್ಚಿಡುವುದಿಲ್ಲ. ಅದೇ 2019ರಲ್ಲೇ ಅಟ್ಲಾಂಟದ ಇನ್ನೊಬ್ಬ ಕಪ್ಪು ಗಾಯಕ ಬ್ಲಾಂಕೊ ಬ್ರೌನ್ ತನ್ನ 'ದ ಗಿಟ್ ಅಪ್' ಹಾಡಿನಿಂದ ಕಂಟ್ರಿ ಪಟ್ಟಿಯ ತುದಿಗೇರಿದ. ಕೆಲವೇ ತಿಂಗಳ ಹಿಂದೆ ಸಾಲದೆಂದ ಬೆರಕೆ ಈಗ ಸಾಕಾಯಿತು. 2024ರಲ್ಲಿ ಬಿಯಾನ್ಸೆಯ 'ಟೆಕ್ಸಸ್ ಹೋಲ್ಡ್ ಎಮ್' ಹಾಟ್ ಕಂಟ್ರಿ ಸಾಂಗ್ಸ್‌ನಲ್ಲಿ ಮೊದಲ ಸ್ಥಾನಕ್ಕೆ ಬಂತು, ಆ ಎತ್ತರ ಮುಟ್ಟಿದ ಮೊದಲ ಕಪ್ಪು ಮಹಿಳೆ ಆಕೆ. ಅದೇ ಹಾಡು ಕಂಟ್ರಿ ರೇಡಿಯೊ ಪಟ್ಟಿಯಲ್ಲಿ 33ನ್ನು ದಾಟಲಿಲ್ಲ; ಆ ವರ್ಷದ ಕಂಟ್ರಿ ಸಂಗೀತ ಸಂಘದ ಪ್ರಶಸ್ತಿಗಳಿಗೆ ಅವಳ ಹೆಸರು ಒಂದು ವಿಭಾಗದಲ್ಲೂ ಸೂಚಿತವಾಗಲಿಲ್ಲ. ಅದೇ ವರ್ಷ ಕಪ್ಪು ಗಾಯಕ ಶಬೂಜಿಯ 'ಎ ಬಾರ್ ಸಾಂಗ್' ರೇಡಿಯೊದಲ್ಲೂ ಗೆದ್ದಿತು, ಹಾಟ್ 100ರ ಮೊದಲ ಸ್ಥಾನದಲ್ಲಿ 19 ವಾರವೂ ಕೂತಿತು. ಆದರೆ ಬಿಯಾನ್ಸೆಯ ಒಂದೇ ಹಾಡು ಒಂದು ಪಟ್ಟಿಯಲ್ಲಿ 1, ಇನ್ನೊಂದರಲ್ಲಿ 33 ಎಂದರೆ ಜನ ಕೊಟ್ಟ ತೀರ್ಪು ಯಾವುದು, ಪಟ್ಟಿ ಭಕ್ತರೇ ಹೇಳಲಿ.

ಹಾಗಾದರೆ ಸಂಗೀತಕ್ಕೆ ಗಡಿಯೇ ಬೇಡವೇ, ಎಲ್ಲವನ್ನೂ ಕಂಟ್ರಿ ಎಂದರೆ ಕಂಟ್ರಿಗೆ ಅರ್ಥವೇನು ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಪಿಟೀಲು ಹಿಡಿದು ಬೆಟ್ಟದ ಊರುಗಳಲ್ಲಿ ಕೂತು ಹಳೆಯ ಧಾಟಿ ಕಾಪಾಡುತ್ತಿರುವವರಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ. ಆದರೆ ಅವರ ಹಾಡು ಈ ಪಟ್ಟಿಯಲ್ಲಿ ಎಲ್ಲಿದೆ? ಬಿಲ್‌ಬೋರ್ಡ್ ಕಾಯುತ್ತಿರುವ ಗಡಿ ಅವರದಲ್ಲ. ಟ್ರಕ್, ಬಿಯರ್, ಚಿಟಿಕೆ ತಾಳದ ಹಾಡುಗಳಿಗೆ ಬೇಲಿ ಹಾಕಿ, ಅದನ್ನು ಪರಂಪರೆ ಎಂದು ಕರೆದು, ಆ ಬೇಲಿಗೆ ಅಂಕಿಗಳ ಸುಣ್ಣ ಬಳಿದಿದ್ದಾರೆ. ಗಡಿ ಹಾಕುವವರು ಹಾಕಲಿ; ಹಾಕಿದ್ದು ನಾವು, ಈ ಕಾರಣಕ್ಕೆ, ಎಂದು ಹೆಸರು ಹಾಕಿ ಸಹಿ ಮಾಡಲಿ. ಎಣಿಸಿದ್ದಷ್ಟೇ ನಾವು ಎನ್ನಬಾರದು.

ಸೈರಸ್ ಸೇರಿದ ಮೇಲೂ ಆ ಹಾಡನ್ನು ಕಂಟ್ರಿ ಪಟ್ಟಿಗೆ ಮರಳಿ ಸೇರಿಸಲಿಲ್ಲ. ಬಿಲ್‌ಬೋರ್ಡಿನ ಲೆಕ್ಕಪುಸ್ತಕದಲ್ಲಿ 'ಓಲ್ಡ್ ಟೌನ್ ರೋಡ್' ಎದುರು ಇವತ್ತಿಗೂ ಎರಡು ಹತ್ತೊಂಬತ್ತುಗಳಿವೆ. ಹಾಟ್ 100ರ ಮೊದಲ ಸ್ಥಾನದಲ್ಲಿ ಕಳೆದ ವಾರಗಳು 19. ಕಂಟ್ರಿ ಪಟ್ಟಿಯಲ್ಲಿ ಅದು ಮುಟ್ಟಿದ ಅತಿ ಎತ್ತರದ ಸ್ಥಾನ 19.